ಮೆಟ್ಟಿಲ ಕೆಳಗಿನ ಬ್ಯಾಟರಿಗಳು

ಅಣ್ಣತಮ್ಮಂದಿರು ಪಾಲಾಗುವಾಗ ಪಾತ್ರೆಪಡಗಗಳಿಂದ ಹಿಡಿದು ಹಿತ್ತಿಲ ತೆಂಗಿನ ಮರದ ಕಾಯಿಯವರೆಗೆ ಎಲ್ಲವನ್ನೂ ಹಂಚಿಕೊಳ್ಳುವುದುಂಟು. ನಾವಿಬ್ಬರು ಬಿಸಿಲನ್ನು ಹಂಚಿಕೊಳ್ಳಲು ಹೋಗಿ ಮಾತು ಬಿಟ್ಟೆವು.

ನಮ್ಮ ಮನೆಯಿರುವುದು ಜ್ಞಾನಭಾರತಿಯಲ್ಲಿ. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾನಿಲಯವು ಸೆಂಟ್ರಲ್ ಕಾಲೇಜಿನ ಆವರಣದಿಂದ 1973ರಲ್ಲಿ ಮೈಸೂರು ರಸ್ತೆಯ ಈ ಬಯಲಿಗೆ ಬಂದು ನೆಲೆಸಿದ ಮೇಲೆ ಇದರ ಆಸುಪಾಸಿನಲ್ಲಿ ಬಡಾವಣೆಗಳು ಒಂದೊಂದಾಗಿ ಬೆಳೆದವು. ತೀರ್ಥರೂಪರು ಇಲ್ಲಿ ನಿವೇಶನ ಕೊಂಡಾಗ ರಾಜಾಜಿನಗರದ ನಮ್ಮ ಬಂಧುಗಳು, "ಅಷ್ಟು ದೂರ ಹೋಗಿ ನರಿಗಳ ಜೊತೆ ಸಂಸಾರ ಮಾಡುವಿರಾ?" ಎಂದು ನಕ್ಕಿದ್ದರಂತೆ. 2021ರಿಂದ ಮೆಟ್ರೋ ರೈಲು ಜ್ಞಾನಭಾರತಿ ಎಂದು ಕೂಗಿ ಹೇಳಿ ನಿಲ್ಲುತ್ತಿದೆ. ಅಂದು ನಕ್ಕವರ ಮಕ್ಕಳು ಇಂದು ಈ ಕಡೆ ಬಾಡಿಗೆಮನೆ ಇದ್ದರೆ ಹೇಳಿರೆಂದು ನಮ್ಮನ್ನೇ ಕೇಳುತ್ತಾರೆ. ಆದರೂ ವಿಶ್ವವಿದ್ಯಾನಿಲಯದ ಮರಗಳ ದೆಸೆಯಿಂದ ಬೆಳಗಿನ ಜಾವದಲ್ಲಿ ನವಿಲಿನ ಕೂಗು ಇನ್ನೂ ಕೇಳಿಬರುತ್ತದೆ. ಮರಗಳಿಂದ ನವಿಲೂ ಉಂಟು, ಮಳೆಗಾಲದಲ್ಲಿ ತಂತಿಯ ಮೇಲೆ ಬೀಳುವ ಕೊಂಬೆಯೂ ಉಂಟು. ನಾನು ಹೇಳಹೊರಟದ್ದು ಆ ಎರಡನೆಯ ವಿಷಯವನ್ನು.

ತಂದೆಯವರು ತಮ್ಮ ಕೊನೆಯ ದಿನಗಳಲ್ಲಿ ತಾರಸಿಯ ಮೇಲೆ ಮೂರು ಕಿಲೋವ್ಯಾಟಿನ ಸೌರಫಲಕಗಳನ್ನು ಹಾಕಿಸಿದರು. ಬಿಸಿಲು ಚೆನ್ನಾಗಿರುವ ದಿನ ಹನ್ನೆರಡು ಯೂನಿಟ್ಟಿನವರೆಗೆ ವಿದ್ಯುತ್ತು ಬರುತ್ತದೆ. ಮನೆಗೆ ಬೇಕಾದಷ್ಟು ಬಳಸಿ ಮಿಕ್ಕದ್ದನ್ನು ಕಂಬದ ತಂತಿಗೆ ಬಿಟ್ಟರೆ ಮೀಟರು ಅದನ್ನು ಲೆಕ್ಕ ಹಿಡಿದು ಬಿಲ್ಲಿನಲ್ಲಿ ಜಮೆ ತೋರಿಸುತ್ತದೆ. ಅವರು ತೀರಿಕೊಂಡ ಮೇಲೆ ನಾವು ಪಾಲಾದೆವು. ಕೆಳಗಿನ ಮನೆ ಅಣ್ಣನಿಗೆ, ಮೇಲಿನ ಮನೆಯೂ ತಾರಸಿಯೂ ನನಗೆ ಎಂದು ಪಾಲುಪಟ್ಟಿಯಾಯಿತು. ಫಲಕಗಳು ತಾರಸಿಯ ಮೇಲಿದ್ದುದರಿಂದ ನನ್ನವು. ಅವು ಸೇರಿದ್ದ ಮೀಟರು ಕೆಳಗಿನ ಮನೆಯದಾದುದರಿಂದ ಜಮೆ ಅಣ್ಣನದು. ನ್ಯಾಯ ಎತ್ತ ಕಡೆ ಎಂದು ಓದುಗರೇ ಹೇಳಲಿ. ನಾವಂತೂ ಐದು ವರ್ಷ ಹೇಳಿ ಮುಗಿಸಲಾರದೆ ಹೋದೆವು. ತಿಂಗಳಿಗೆ ಕೆಲವು ನೂರು ರೂಪಾಯಿಗಳ ಮಾತು. ಅಷ್ಟಕ್ಕೆ ಅಣ್ಣನು ಮೇಲಿನ ಮೆಟ್ಟಿಲು ಹತ್ತುವುದನ್ನು ಬಿಟ್ಟನು. ನಾನು ಕೆಳಗೆ ಹೋದರೆ ಅಮ್ಮನ ಕೋಣೆಗೆ ಹೋಗಿ, ಅಲ್ಲಿಂದಲೇ ಹಿಂತಿರುಗಿ ಬರುತ್ತಿದ್ದೆನು.

ಸೌರಫಲಕವುಳ್ಳ ಮನೆಗೆ ಕತ್ತಲೆಯ ಭಯವಿಲ್ಲವೆಂದು ಬಹಳ ಮಂದಿ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಕಂಬದ ತಂತಿಯೊಡನೆ ಕೂಡಿಸಿದ ಫಲಕಗಳು, ಕಂಬದಲ್ಲಿ ವಿದ್ಯುತ್ತು ಹೋದೊಡನೆ ತಾವೂ ಕೆಲಸ ನಿಲ್ಲಿಸುತ್ತವೆ. ನೆತ್ತಿಯ ಮೇಲೆ ಸೂರ್ಯನು ಸುಡುತ್ತಿದ್ದರೂ ಕೆಳಗೆ ಫ್ಯಾನು ತಿರುಗುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ತಂತಿ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನಿಗೆ ನಮ್ಮ ತಾರಸಿಯಿಂದ ಹರಿದ ವಿದ್ಯುತ್ತು ತಗಲಿದರೆ ಗತಿಯೇನು? ಅವನ ಪ್ರಾಣಕ್ಕಾಗಿ ನಮ್ಮ ಫ್ಯಾನು ನಿಲ್ಲುವುದು ನ್ಯಾಯವೇ. ಆದರೆ ಬೆಳಕು ಬೇಕಾದರೆ ಬ್ಯಾಟರಿ ಬೇಕು. ಅಣ್ಣನು 2022ರಲ್ಲಿ ಒಂದು ಲಿಥಿಯಮ್ ಬ್ಯಾಟರಿಯನ್ನೂ ಇನ್ವರ್ಟರನ್ನೂ ತಂದನು. ನಾನು 2024ರ ಆರಂಭದಲ್ಲಿ ಅದೇ ಕಂಪನಿಯ ಅದೇ ಮಾದರಿಯನ್ನು ತಂದೆನು. ಅವನನ್ನು ಕೇಳಿ ತಂದದ್ದಲ್ಲ. ಕೆಳಗೆ ಬಿಸಾಡಿದ್ದ ರಟ್ಟಿನ ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿಕೊಂಡಿದ್ದೆ. ಒಂದೊಂದೂ 51.2 ವೋಲ್ಟ್, 100 ಆಂಪಿಯರ್ ಅವರ್. ಗುಣಿಸಿದರೆ ಐದು ಯೂನಿಟ್ಟಿಗೆ ತುಸು ಮೇಲೆ. ಹೀಗೆ ಒಂದೇ ಗೋಡೆಯ ಮನೆಯಲ್ಲಿ ಕೆಳಗೊಂದು ಮೇಲೊಂದು ಬ್ಯಾಟರಿ, ನಮ್ಮ ಹಾಗೆಯೇ, ಒಂದನ್ನೊಂದು ಕಾಣದೆ ಕುಳಿತುವು.

ನಮ್ಮ ಅಮ್ಮನಿಗೆ ಎಂಬತ್ತಮೂರು ವರ್ಷ. ಶ್ವಾಸಕೋಶ ದುರ್ಬಲವಾಗಿ, ರಾತ್ರಿ ಮಲಗುವಾಗ ಆಮ್ಲಜನಕದ ಯಂತ್ರ ಹಾಕಬೇಕೆಂದು ವೈದ್ಯರು ಹೇಳಿದ್ದರು. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಆ ಯಂತ್ರ ಒಂದು ಸಣ್ಣ ಪೆಟ್ಟಿಗೆಯಷ್ಟಿದ್ದು ಗೊರಕೆಯಂತೆ ಸದ್ದು ಮಾಡುತ್ತದೆ; ಮುನ್ನೂರೈವತ್ತು ವ್ಯಾಟ್ ವಿದ್ಯುತ್ತು ಕೇಳುತ್ತದೆ. ಅಮ್ಮ ಇದ್ದುದು ಕೆಳಗೆ, ಅಣ್ಣನ ಮನೆಯಲ್ಲಿ.

2024ರ ಜೂನ್ 2, ಭಾನುವಾರ. ಬೆಂಗಳೂರಿನವರು ಆ ದಿನವನ್ನು ಮರೆತಿರಲಾರರು. ಒಂದೇ ದಿನದಲ್ಲಿ 111 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಿಂತಿದ್ದ ದಾಖಲೆ ಮುರಿಯಿತು. ನಗರದ ತುಂಬ ಮರಗಳು ಉರುಳಿದುವು. ನಮ್ಮ ಬೀದಿಯ ಕೊನೆಯಲ್ಲಿಯೂ ಒಂದು ಹೊಂಗೆಯ ಮರ ತಂತಿಯನ್ನು ಎಳೆದುಕೊಂಡು ಮಲಗಿತು. ಸಂಜೆ ಹೋದ ವಿದ್ಯುತ್ತು ರಾತ್ರಿಯೆಲ್ಲ ಬರಲಿಲ್ಲ. ನಾನು ಎರಡು ದೀಪ, ಒಂದು ಫ್ಯಾನು ಹಾಕಿಕೊಂಡು ಸುಖವಾಗಿ ನಿದ್ರಿಸಿದೆನು.

ಬೆಳಗ್ಗೆ ಹಾಲು ತರಲು ಇಳಿದಾಗ ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಅಮ್ಮನ ಮಂಚದ ಪಕ್ಕದಲ್ಲಿ ಯಂತ್ರದ ಸದ್ದಿರಲಿಲ್ಲ. ಬದಲಿಗೆ, ಆಪತ್ತಿಗೆಂದು ಇಟ್ಟಿದ್ದ ಪುಟ್ಟ ಸಿಲಿಂಡರಿನಿಂದ ನಳಿಕೆ ಹೋಗಿತ್ತು. ಅಣ್ಣನು ಸ್ಟೂಲಿನ ಮೇಲೆ ಕುಳಿತು ಸಿಲಿಂಡರಿನ ಮುಳ್ಳನ್ನೇ ನೋಡುತ್ತಿದ್ದನು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಅತ್ತಿಗೆ ಗೋಡೆಗೊರಗಿ ನಿಂತಿದ್ದರು.

"ಏನಾಯಿತು ಅತ್ತಿಗೆ?" ಎಂದೆನು.

"ಬ್ಯಾಟರಿ ಮೂರೂವರೆಗೇ ಮುಗಿದುಹೋಯಿತು. ಫ್ರಿಜ್ಜು ಆರಿಸುವುದನ್ನು ಮರೆತಿದ್ದೆವು. ಆಗಿನಿಂದ ಹೀಗೇ ಕೂತಿದ್ದೇವೆ."

"ನನ್ನನ್ನು ಎಬ್ಬಿಸಬಾರದಾಗಿತ್ತೇ?"

ಅತ್ತಿಗೆ ಅಣ್ಣನ ಕಡೆ ನೋಡಿದರು. ಅಣ್ಣನು ಮುಳ್ಳಿನ ಮೇಲಿನ ಕಣ್ಣು ತೆಗೆಯದೆ, "ನಿದ್ದೆ ಕೆಡಿಸುವುದೇಕೆ ಎಂದು ಸುಮ್ಮನಾದೆ" ಎಂದನು.

ನಾನು ಮೇಲಕ್ಕೆ ಓಡಿ, ಇಪ್ಪತ್ತು ಅಡಿಯ ಎಕ್ಸ್‌ಟೆನ್ಷನ್ ತಂತಿಯನ್ನು ಕಿಟಕಿಯಿಂದ ಇಳಿಬಿಟ್ಟೆನು. ಯಂತ್ರ ಮತ್ತೆ ಗೊರಕೆ ಹೊಡೆಯಿತು. ನನ್ನ ಬ್ಯಾಟರಿಯ ಮುಖದ ಮೇಲೆ ಎಪ್ಪತ್ತು ಎಂಬ ಅಂಕಿ ಹೊಳೆಯುತ್ತಿತ್ತು. ಎಪ್ಪತ್ತು ಭಾಗವೆಂದರೆ ಮೂರೂವರೆ ಯೂನಿಟ್ಟು. ಅಮ್ಮನ ಯಂತ್ರಕ್ಕೆ ಹತ್ತು ಗಂಟೆಯ ಉಸಿರು. ಅದು ರಾತ್ರಿಯೆಲ್ಲ ಅವಳ ತಲೆಯ ನೇರಕ್ಕೆ, ಹನ್ನೊಂದು ಅಡಿ ಮೇಲೆ, ನನ್ನ ಜೊತೆ ಮಲಗಿತ್ತು. ಆ ಲೆಕ್ಕವನ್ನು ಅಂದು ನಾನು ಎಷ್ಟು ಸಾರಿ ಮಾಡಿದೆನೋ ತಿಳಿಯದು.

ಎರಡು ಬ್ಯಾಟರಿಗಳನ್ನೂ ಒಂದಾಗಿಸಬೇಕೆಂದು ಅಂದೇ ನಿಶ್ಚಯಿಸಿದೆನು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಶಾತವಾಹನರಿಂದ ಒಡೆಯರವರೆಗೆ ಯಾವ ಸಂಧಿ ಯಾವ ಯುದ್ಧದ ಮೇಲೆ ಆಯಿತೆಂದು ಹೇಳಬಲ್ಲೆ. ಎರಡು ತಂತಿಗಳ ಸಂಧಿ ನನಗೆ ತಿಳಿಯದು. ಆದುದರಿಂದ ಒಂದು ಅಂಗಡಿಗೆ ಹೋಗಿ ವಿಚಾರಿಸಿದೆ. ಅಂಗಡಿಯಾತನು, "ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು. ಪ್ಯಾರಲಲ್ ಅಂದರೆ ಅಷ್ಟೇ ಸಾರ್" ಎಂದು ಹೇಳಿ, ಎರಡು ತುಂಡು ದಪ್ಪ ತಂತಿ ಕೊಟ್ಟು ಕಳುಹಿಸಿದನು. ಅವನು ಹೇಳಿದ್ದು ಸುಳ್ಳಲ್ಲ. ಮದುವೆಯೆಂದರೆ ತಾಳಿ ಕಟ್ಟುವುದು, ಅಷ್ಟೇ ಎಂದು ಹೇಳಿದಷ್ಟು ನಿಜ.

ಮುಂದಿನ ಭಾನುವಾರ ಅಣ್ಣನು ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದನು. ಅವನು ಬರುವುದರೊಳಗೆ ಮಾಡಿ ಮುಗಿಸಿ ಆಶ್ಚರ್ಯಪಡಿಸಬೇಕೆಂದು ನನ್ನ ಮನಸ್ಸು. ಇಬ್ಬರು ಹುಡುಗರನ್ನು ಹಿಡಿದು ನನ್ನ ಬ್ಯಾಟರಿಯನ್ನು ಮೆಟ್ಟಿಲ ಕೆಳಗೆ ಇಳಿಸಿದೆನು. ನಲವತ್ತೈದು ಕಿಲೋ ತೂಕ. ಅಣ್ಣನ ಬ್ಯಾಟರಿ ಇದ್ದುದೂ ಅಲ್ಲಿಯೇ. ಆ ಮೆಟ್ಟಿಲ ಕೆಳಗಿನ ಜಾಗವನ್ನು ಪಾಲುಪಟ್ಟಿಯಲ್ಲಿ ಯಾರ ಹೆಸರಿಗೂ ಬರೆದಿರಲಿಲ್ಲ, ಮರೆತುಹೋಗಿತ್ತು. ಹೊರುವಾಗ ಅಪಾಯವಾಗಬಾರದೆಂದು ನಾನು ಬಹಳ ಜಾಣ್ಮೆಯಿಂದ ನನ್ನ ಬ್ಯಾಟರಿಯನ್ನು ಹಿಂದಿನ ದಿನವೇ ಬಹುಮಟ್ಟಿಗೆ ಬರಿದು ಮಾಡಿದ್ದೆ. ಅಣ್ಣನದು ತುಂಬಿತ್ತು. ಮೈನಸ್ಸಿಗೆ ಮೈನಸ್ಸು ಬಿಗಿದಾಯಿತು. ಪ್ಲಸ್ಸಿಗೆ ಪ್ಲಸ್ಸು ತಾಗಿಸಿದೆ.

'ಫಟ್' ಎಂದಿತು. ನೀಲಿ ಬೆಳಕು ಕಣ್ಣಿಗೆ ಹೊಡೆಯಿತು. ಸ್ಪ್ಯಾನರು ಕೈಯಿಂದ ಹಾರಿ ತುಳಸಿಕಟ್ಟೆಯ ಬಳಿ ಬಿದ್ದಿತು. ಬೋಲ್ಟಿನ ತಲೆಯ ಮೇಲೆ ಕಡಲೆಕಾಳಿನಷ್ಟು ಕುಳಿ ಬಿದ್ದು ತಾಮ್ರ ಕರಗಿದ ವಾಸನೆ ಬಂದಿತು. ಎರಡು ಬ್ಯಾಟರಿಗಳೂ ಕಣ್ಣು ಮುಚ್ಚಿದುವು. ಒಳಗೆ ಅತ್ತಿಗೆಯ ಮಿಕ್ಸಿ ನಿಂತುಹೋಯಿತು. ನನ್ನ ಬೆರಳಲ್ಲಿ ಉಂಗುರವಿತ್ತೆಂಬುದು ಆ ಮೇಲೆ ನೆನಪಿಗೆ ಬಂದು ಕಾಲು ನಡುಗಿತು. ಆ ಉಂಗುರ ಎರಡು ತುದಿಗಳ ನಡುವೆ ಸಿಕ್ಕಿದ್ದರೆ ಬೆರಳಿನ ಸುತ್ತ ಕಾದ ಬಳೆಯಾಗಿಬಿಡುತ್ತಿತ್ತು.

ಸದ್ದು ಕೇಳಿ ಹೊರಗೆ ಬಂದವಳು ಅಣ್ಣನ ಮಗಳು. ಅವಳು ಇಂಜಿನಿಯರಿಂಗ್ ಓದಿ ಕೆಲಸದಲ್ಲಿದ್ದಾಳೆ. ನೋಡಿದೊಡನೆ ಅವಳಿಗೆ ಎಲ್ಲವೂ ತಿಳಿಯಿತು.

"ಚಿಕ್ಕಪ್ಪ, ಜೋಡಿಸುವ ಮೊದಲು ಎರಡರ ವೋಲ್ಟೇಜನ್ನೂ ಅಳೆದಿರಾ?"

"ಎರಡೂ ಒಂದೇ ಅಲ್ಲವೇ? ಪೆಟ್ಟಿಗೆಯ ಮೇಲೆ 51.2 ಎಂದು ಅಚ್ಚು ಹಾಕಿದ್ದಾರಲ್ಲ!"

ಅವಳು ನಗಲಿಲ್ಲ; ಅದೇ ನನಗೆ ಹೆಚ್ಚು ನಾಚಿಕೆಯಾಯಿತು. ಮೀಟರು ತಂದು ಅಳೆದು ತೋರಿಸಿದಳು. ಅಣ್ಣನದು 54, ನನ್ನದು 49. ಐದೇ ವೋಲ್ಟಿನ ವ್ಯತ್ಯಾಸ. ಕೈಯಿಂದ ಮುಟ್ಟಿದರೆ ಐದು ವೋಲ್ಟು ಜುಮ್ಮೆನ್ನಿಸುವುದೂ ಇಲ್ಲ. ಆದರೆ ಈ ಬ್ಯಾಟರಿಗಳ ಒಳಗಿನ ರೋಧ ಅತ್ಯಲ್ಪ. ಎರಡು ಬ್ಯಾಟರಿ, ಎರಡು ತಂತಿ ಎಲ್ಲ ಸೇರಿ ಒಂದು ಓಮಿನ ಇಪ್ಪತ್ತನೆಯ ಒಂದು ಭಾಗ ಎಂದಿಟ್ಟುಕೊಂಡರೂ ಐದು ವೋಲ್ಟು ನೂರು ಆಂಪಿಯರನ್ನು ತಳ್ಳುತ್ತದೆ. ನಮ್ಮ ಮೀಟರಿನ ಪಕ್ಕದ ಸ್ವಿಚ್ಚು ಮೂವತ್ತೆರಡು ಆಂಪಿಯರಿಗೇ ಉರುಳಿಬೀಳುವಂಥದು. ತುಂಬಿದ ಬ್ಯಾಟರಿಯು ಬರಿದಾದುದರೊಳಕ್ಕೆ ಅಣೆಕಟ್ಟು ಒಡೆದಂತೆ ನುಗ್ಗಿತ್ತು. ಪ್ರತಿಯೊಂದು ಪೆಟ್ಟಿಗೆಯ ಒಳಗೂ ಬಿ.ಎಂ.ಎಸ್. ಎಂಬ ಒಂದು ಕಾವಲುಗಾರ ಯಂತ್ರವಿರುತ್ತದೆ. ಸೆಲ್ಲುಗಳ ವೋಲ್ಟೇಜು, ಶಾಖ, ಪ್ರವಾಹಗಳನ್ನು ಕಾಯುವುದು ಅದರ ಕೆಲಸ. ಆ ಇಬ್ಬರು ಕಾವಲುಗಾರರು ಬಾಗಿಲು ಹಾಕಿಕೊಂಡದ್ದರಿಂದ ನಾನು ಉಳಿದೆ.

"ತಾರಸಿಯ ಮೇಲೆ ಎರಡು ನೀರಿನ ತೊಟ್ಟಿ ಇಟ್ಟು, ತಳದಲ್ಲಿ ಕೊಳವೆ ಹಾಕಿದಂತೆ ಎಂದುಕೊಳ್ಳಿ," ಎಂದಳು. "ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿದ್ದರೆ ಕೊಳವೆ ತೆರೆದರೂ ಏನೂ ಆಗುವುದಿಲ್ಲ."

"ಹಾಗಾದರೆ ಎರಡರ ವೋಲ್ಟೇಜೂ ಒಂದೇ ಆಗುವವರೆಗೆ ಕಾದು ಜೋಡಿಸಿದರಾಯಿತು."

"ಅದೂ ಸಾಲದು. ಈ ತೊಟ್ಟಿಯ ಮಟ್ಟ ಹೊರಗೆ ಸರಿಯಾಗಿ ಕಾಣಿಸುವುದಿಲ್ಲ."

ಅವಳು ವಿವರಿಸಿದ್ದು ನನಗೆ ಅರ್ಥವಾದ ಮಟ್ಟಿಗೆ ಹೀಗಿದೆ. ಹಳೆಯ ಸೀಸದ ಬ್ಯಾಟರಿಯ ವೋಲ್ಟೇಜು, ಬಳಸುತ್ತ ಬಳಸುತ್ತ ಇಳಿಜಾರಿನಂತೆ ಇಳಿಯುತ್ತದೆ. ನೋಡಿದರೆ ಎಷ್ಟು ಉಳಿದಿದೆಯೆಂದು ಹೇಳಬಹುದು. ನಮ್ಮದು ಲಿಥಿಯಮ್ ಐರನ್ ಫಾಸ್ಫೇಟ್. ಇದರ ಒಂದೊಂದು ಸೆಲ್ಲು 3.2 ವೋಲ್ಟು, ಅಂಥ ಹದಿನಾರನ್ನು ಒಂದರ ಬೆನ್ನಿಗೊಂದು ಸಾಲಾಗಿ ಜೋಡಿಸಿದಾಗ 51.2 ಆಗುತ್ತದೆ. ಆ ಸೆಲ್ಲು ಇಪ್ಪತ್ತು ಭಾಗ ತುಂಬಿದ್ದಾಗಲೂ ಎಂಬತ್ತು ಭಾಗ ತುಂಬಿದ್ದಾಗಲೂ ವೋಲ್ಟೇಜಿನಲ್ಲಿ ಆಗುವ ಅಂತರ ಸುಮಾರು ಹತ್ತನೆಯ ಒಂದು ವೋಲ್ಟು ಮಾತ್ರ. ಮುಖದಲ್ಲಿ ಏನೂ ತೋರಗೊಡದ ಮನುಷ್ಯರಿರುತ್ತಾರಲ್ಲ, ಹಾಗೆ. (ಇಲ್ಲಿ ಅಣ್ಣನ ಉಪಮೆ ಕೊಡಬೇಕೆಂದಿದ್ದೆ, ಹಸ್ತಪ್ರತಿ ಓದಿದ ನಮ್ಮಾಕೆ ಬೇಡವೆಂದಳು.) ಮಧ್ಯದಲ್ಲಿ ಎರಡೂ ಒಂದೇ ಎಂದು ಮೀಟರು ಹೇಳಿದರೂ ಒಂದು ಅರ್ಧ ತುಂಬಿ ಇನ್ನೊಂದು ಮುಕ್ಕಾಲು ತುಂಬಿರಬಹುದು. ಆದುದರಿಂದ ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ತುಂಬಿಸಬೇಕು. ತುದಿಯಲ್ಲಿ ಮಾತ್ರ ವೋಲ್ಟೇಜು ನಿಜ ಹೇಳುತ್ತದೆ. ತುಂಬಿದ ಮೇಲೆ ಕೆಲವು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಅಳೆದು, ಅಂತರ ಹತ್ತನೆಯ ಒಂದೆರಡು ವೋಲ್ಟಿನೊಳಗೆ ಬಂದಿದ್ದರೆ ಆಗ ಕೂಡಿಸಬೇಕು.

ಅಣ್ಣನು ಸಂಜೆ ಬಂದನು. ಅವನು ಮೈಸೂರು ರಸ್ತೆಯ ಒಂದು ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ನೇರವಾಗಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ, ಬೋಲ್ಟಿನ ಕುಳಿಯ ಮೇಲೆ ಬೆರಳಾಡಿಸಿ, "ಕೈ ತೋರಿಸು" ಎಂದನು. ತೋರಿಸಿದೆ. ಹೆಬ್ಬೆಟ್ಟಿನ ತುದಿ ಕೆಂಪಗಾಗಿತ್ತು. ಒಳಗೆ ಹೋಗಿ ಬರ್ನಾಲ್ ತಂದು ಕೊಟ್ಟನು. "ಇನ್ನು ಒಬ್ಬನೇ ಮುಟ್ಟಬೇಡ" ಎಂದನು. ಐದು ವರ್ಷದಲ್ಲಿ ಅವನು ನನಗೆ ಆಡಿದ ಅತಿ ದೀರ್ಘವಾದ ಮಾತು ಅದು.

ಆ ವಾರವೆಲ್ಲ ಮನೆಯಲ್ಲಿ ಇದೇ ಚರ್ಚೆ. ಅಮ್ಮನಿಗೆ ಲಿಥಿಯಮ್ ಎಂದರೆ ಭಯ. ಮೊಬೈಲು ಸಿಡಿದ ಸುದ್ದಿಗಳನ್ನು ಅವಳು ತಪ್ಪದೆ ಓದುತ್ತಾಳೆ. ಎಲ್ಲ ಲಿಥಿಯಮ್ಮೂ ಒಂದೇ ಅಲ್ಲವೆಂದು ಮೊಮ್ಮಗಳು ಸಮಾಧಾನ ಹೇಳಿದಳು. ಮೊದಮೊದಲು ಬಂದ ಮೊಬೈಲು ಬ್ಯಾಟರಿಗಳಲ್ಲಿ ಕೋಬಾಲ್ಟಿನ ಆಕ್ಸೈಡು; ಅದು ಅತಿಯಾಗಿ ಕಾದರೆ ತನ್ನೊಳಗಿನ ಆಮ್ಲಜನಕವನ್ನು ತಾನೇ ಬಿಟ್ಟುಕೊಟ್ಟು ಉರಿಗೆ ಸಹಾಯ ಮಾಡುತ್ತದೆ. ಫಾಸ್ಫೇಟಿನಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದು ಸುಲಭವಾಗಿ ಬಿಡುವುದಿಲ್ಲ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ನನ್ನ ಹೆಬ್ಬೆಟ್ಟೇ ಸಾಕ್ಷಿ. ಈ ಫಾಸ್ಫೇಟಿನ ಗುಣವನ್ನು ಲೋಕಕ್ಕೆ ತಿಳಿಸಿದ್ದು 1997ರಲ್ಲಿ ಅಮೆರಿಕದ ಟೆಕ್ಸಾಸಿನಿಂದ ಪ್ರಕಟವಾದ ಒಂದು ಪ್ರಬಂಧ. ಅದನ್ನು ಬರೆದವರು ಮೂವರು: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಕೊನೆಯವರಿಗೆ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂದಿತು. 2023ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಆದರೆ ನಮ್ಮ ಮನೆಯಲ್ಲಿ ನೊಬೆಲ್ಲಿಗೆ ಬೆಲೆ ಬರಲಿಲ್ಲ. ಅತ್ತಿಗೆಯ ತವರು ನಂಜನಗೂಡು. ನಂಜುಂಡಸ್ವಾಮಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, "ನಮ್ಮ ಕಡೆಯ ಹೆಸರು! ಹಾಗಾದರೆ ಭಯವಿಲ್ಲ ಬಿಡಿ ಅತ್ತೆ," ಎಂದುಬಿಟ್ಟರು. ಅಮ್ಮನೂ ಒಪ್ಪಿದಳು. ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣಗಳ ಸುತ್ತ 1,600 ಟನ್ ಲಿಥಿಯಮ್ ಇರಬಹುದೆಂದು ಪರಮಾಣು ಖನಿಜ ಇಲಾಖೆ ಅಂದಾಜು ಮಾಡಿದೆಯೆಂದು ನಾನು ಹೇಳಿದಾಗಂತೂ, ಅತ್ತಿಗೆಯ ಪಾಲಿಗೆ ಆ ಬ್ಯಾಟರಿ ಪೂರ್ತಿ ಮೈಸೂರು ಸೀಮೆಯದೇ ಆಗಿಹೋಯಿತು. ಅದು ಬಹಳ ಸಣ್ಣ ನಿಕ್ಷೇಪವೆಂಬುದನ್ನು ನಾನು ಹೇಳಲಿಲ್ಲ.

ಇಷ್ಟರಲ್ಲಿ ಹಳೆಯ ಎರಡು ಇನ್ವರ್ಟರುಗಳ ಬದಲು, ಸೌರಫಲಕ, ಬ್ಯಾಟರಿ, ಕಂಬದ ತಂತಿ ಮೂರನ್ನೂ ಸಂಭಾಳಿಸುವ ಒಂದೇ ಇನ್ವರ್ಟರು ಬಂದಿತು. ಕಂಬದಲ್ಲಿ ವಿದ್ಯುತ್ತು ಹೋದರೆ ಇದು ಹೊರಗಿನ ತಂತಿಯಿಂದ ಮನೆಯನ್ನು ಬೇರ್ಪಡಿಸಿ, ಬಿಸಿಲಿನಿಂದ ಬ್ಯಾಟರಿಯನ್ನು ತುಂಬಿಸುತ್ತಲೇ ಇರುತ್ತದೆ, ಲೈನ್‌ಮನ್ನನಿಗೂ ಭಯವಿಲ್ಲ. ಅದಕ್ಕೆ ಬೇಕಾದ ಅನುಮತಿ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನ ಸಹಿ ಇವುಗಳ ಕಥೆಯನ್ನು ಬಿಟ್ಟುಬಿಡುತ್ತೇನೆ. ಮನೆ ಕಟ್ಟಿಸಿದವರೆಲ್ಲರಿಗೂ ಅಂಥ ಕಥೆ ಇರುತ್ತದೆ. ಹಣವನ್ನು ಅರ್ಧ ಅರ್ಧ ಹಾಕಿದೆವು. ಯಾರ ಅರ್ಧ ಮೊದಲು ಕೊಡಬೇಕೆಂಬುದು ಎರಡು ದಿನ ಎಳೆಯಿತು.

ಭಾನುವಾರ ಬೆಳಗ್ಗೆ ನಾವು ಮೂವರು ಮೆಟ್ಟಿಲ ಕೆಳಗೆ ಕುಳಿತೆವು. ಉಂಗುರ, ಗಡಿಯಾರ, ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈ ಎಲ್ಲವನ್ನೂ ಅಣ್ಣನು ತೆಗೆಸಿ ಅತ್ತಿಗೆಯ ತಟ್ಟೆಗೆ ಹಾಕಿಸಿದನು. ಸ್ಪ್ಯಾನರಿನ ಹಿಡಿಗೆ ತುದಿಯೊಂದನ್ನು ಬಿಟ್ಟು ಇನ್ಸುಲೇಷನ್ ಟೇಪು ಸುತ್ತಿದನು, ಕಾರ್ಖಾನೆಯ ಅಭ್ಯಾಸ. ಎರಡು ಬ್ಯಾಟರಿಗಳೂ ತುಂಬಿ ರಾತ್ರಿಯೆಲ್ಲ ವಿಶ್ರಮಿಸಿದ್ದುವು. ಹುಡುಗಿ ಅಳೆದಳು: ಒಂದು 53.6, ಇನ್ನೊಂದು 53.5.

ತಂತಿಗಳನ್ನು ಕತ್ತರಿಸುವಾಗ ಅಣ್ಣನಿಗೂ ಮಗಳಿಗೂ ಸಣ್ಣ ವಾದವಾಯಿತು. ಹತ್ತಿರದ ಬ್ಯಾಟರಿಗೆ ಅರ್ಧ ಮೀಟರು ಸಾಕು, ತಾಮ್ರವೇಕೆ ದಂಡ ಎಂದು ಅವನು. ಎರಡಕ್ಕೂ ಸಮ ಉದ್ದವೇ ಇರಬೇಕೆಂದು ಅವಳು. ಮಿಲಿ ಓಮುಗಳ ಲೆಕ್ಕದಲ್ಲಿ ಒಂದು ಮೊಳ ತಂತಿಯೂ ದೊಡ್ಡದೇ. ತಂತಿ ಗಿಡ್ಡವಾಗಿರುವ ಬ್ಯಾಟರಿಯ ಮೇಲೆ ದಿನವೂ ಹೆಚ್ಚು ಹೊರೆ ಬೀಳುತ್ತದೆ, ಅದು ಬೇಗ ಮುದಿಯಾಗುತ್ತದೆ. ಅಣ್ಣನು ಕಣ್ಣು ಮುಚ್ಚಿ ಲೆಕ್ಕ ಹಾಕಿ, "ಸರಿ" ಎಂದನು. ಮೂವತ್ತೈದು ಚದರ ಮಿಲಿಮೀಟರಿನ ತಾಮ್ರದ ತಂತಿ, ನಾಲ್ಕೂ ಒಂದೇ ಅಳತೆ. ಒಂದೊಂದು ಬ್ಯಾಟರಿಗೂ ಅದರದೇ ಫ್ಯೂಸು. ಎರಡಕ್ಕೂ ಸೇರಿ ಒಂದೇ ಫ್ಯೂಸು ಹಾಕಿದರೆ, ಒಂದು ಕೆಟ್ಟಾಗ ಇನ್ನೊಂದು ಅದರೊಳಕ್ಕೆ ನುಗ್ಗುವುದನ್ನು ತಡೆಯುವವರಿಲ್ಲ. ಇನ್ವರ್ಟರಿಗೆ ಹೋಗುವ ಪ್ಲಸ್ಸನ್ನು ತಾಮ್ರದ ಪಟ್ಟಿಯ ಈ ತುದಿಯಿಂದಲೂ ಮೈನಸ್ಸನ್ನು ಇನ್ನೊಂದು ಪಟ್ಟಿಯ ಆ ತುದಿಯಿಂದಲೂ ತೆಗೆದರು. ಹೀಗೆ ಕರ್ಣವಾಗಿ ತೆಗೆದರೆ ಎರಡು ಬ್ಯಾಟರಿಗಳ ದಾರಿಯೂ ಸಮನಾಗುತ್ತದೆ.

ಕೊನೆಯಲ್ಲಿ ಒಂದು ಪುಟ್ಟ ಕೆಲಸ ಉಳಿಯಿತು. ಎರಡು ಕಾವಲುಗಾರ ಯಂತ್ರಗಳ ನಡುವೆ ತೆಳುವಾದ ಒಂದು ತಂತಿ ಎಳೆದು, ಪಕ್ಕದ ಸಣ್ಣ ಗುಂಡಿಗಳನ್ನು ಸರಿಸಿ, ಯಾವುದು ಯಜಮಾನನೆಂದು ಗೊತ್ತುಮಾಡಬೇಕು. ಇನ್ವರ್ಟರಿನೊಡನೆ ಮಾತನಾಡುವುದು ಯಜಮಾನ ಮಾತ್ರ. ಇನ್ನೊಂದು ತನ್ನ ಸ್ಥಿತಿಯನ್ನು ಯಜಮಾನನಿಗೆ ಹೇಳುತ್ತದೆ.

"ಅಪ್ಪನದೇ ಹಿರಿಯದು," ಎಂದೆನು ನಾನು.

ಹುಡುಗಿ ಸ್ವಲ್ಪ ತಡೆದು, "ಈ ಮಾದರಿಯಲ್ಲಿ ಹೊಸದನ್ನೇ ಯಜಮಾನ ಮಾಡಬೇಕಂತೆ, ಚಿಕ್ಕಪ್ಪ. ಹೊಸದಕ್ಕೆ ಹಳೆಯದರ ಭಾಷೆ ತಿಳಿಯುತ್ತದೆ, ಹಳೆಯದಕ್ಕೆ ಹೊಸದರದು ತಿಳಿಯದೆ ಹೋಗಬಹುದು," ಎಂದಳು.

ಯಾರೂ ಮಾತನಾಡಲಿಲ್ಲ. ಅಣ್ಣನ ಮುಖವನ್ನು ನಾನು ನೋಡಲಿಲ್ಲ. ಪಾಲಿನ ದಿನ ಪಂಚಾಯಿತಿಯವರ ಮುಂದೆ, "ಹಿರಿಯನೆಂದು ನನ್ನ ಮಾತಿಗೆ ಬೆಲೆಯಿಲ್ಲವೇ?" ಎಂದು ಅವನು ಕೇಳಿದ್ದು, ನಾನು ಉತ್ತರ ಹೇಳದೆ ಎದ್ದು ಬಂದದ್ದು ಇಬ್ಬರಿಗೂ ನೆನಪಿಗೆ ಬಂದಿರಬೇಕು.

"ಕಂಪನಿಯವನು ಹಾಗೆಂದಿದ್ದರೆ ಹಾಗೇ ಮಾಡು," ಎಂದು ಅಣ್ಣನು ಹೇಳಿ, ಗುಂಡಿ ಸರಿಸಲು ತನ್ನ ಸಣ್ಣ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟನು.

ಈ ಬಾರಿ ಪ್ಲಸ್ಸು ತಾಗಿದಾಗ ಸದ್ದೇ ಆಗಲಿಲ್ಲ. ಇಷ್ಟೇ ಏನು ಎನ್ನಿಸಿತು.

ಒಂದು ಸಂಗತಿ ನನಗೆ ಈಗಲೂ ಕೌತುಕವಾಗಿದೆ. ಒಂದು ಪೆಟ್ಟಿಗೆಯ ಒಳಗಿನ ಹದಿನಾರು ಸೆಲ್ಲುಗಳು ಸಾಲುಜೋಡಣೆಯಲ್ಲಿರುವುದರಿಂದ ಎಲ್ಲದರಲ್ಲಿಯೂ ಒಂದೇ ಪ್ರವಾಹ ಹರಿಯಲೇಬೇಕು. ಅವುಗಳಲ್ಲಿ ಅತಿ ಬಡವಾದದ್ದು ಸೋತಾಗ ಹದಿನಾರೂ ನಿಲ್ಲುತ್ತವೆ. ಪೆಟ್ಟಿಗೆಗಳ ನಡುವಿನ ಸಮಾಂತರ ಜೋಡಣೆಯಲ್ಲಿ ಹಾಗಿಲ್ಲ. ಹೊರೆ ಇಪ್ಪತ್ತು ಆಂಪಿಯರ್ ಇದ್ದಾಗ ನನ್ನದು ಹನ್ನೊಂದು ಕೊಡುತ್ತದೆ, ಅಣ್ಣನದು ಒಂಬತ್ತು. ಹಳೆಯದಾದ್ದರಿಂದ ಅದರ ಒಳರೋಧ ಸ್ವಲ್ಪ ಹೆಚ್ಚು. ಯಾರೂ ಅದಕ್ಕೆ ಇಷ್ಟು ಕೊಡು ಎಂದು ಹೇಳುವುದಿಲ್ಲ. ಆದರೆ ಬೆಳಗಿನ ಜಾವದ ಹೊತ್ತಿಗೆ ನನ್ನದು ಬಳಲಿ ಇಳಿಯತೊಡಗಿದಾಗ ಅಣ್ಣನದು ಹನ್ನೊಂದಕ್ಕೆ ಏರಿ, ನನ್ನದು ಒಂಬತ್ತಕ್ಕೆ ಇಳಿಯುತ್ತದೆ. ನಾನು ಮೂರು ರಾತ್ರಿ ಎದ್ದು ಕುಳಿತು ಇದನ್ನು ಮೊಬೈಲಿನಲ್ಲಿ ನೋಡಿದ್ದೇನೆ. ನಮ್ಮಾಕೆ ನನಗೆ ಹುಚ್ಚು ಎನ್ನುತ್ತಾಳೆ.

ಆಗಸ್ಟಿನಲ್ಲಿ ಮತ್ತೊಂದು ದೊಡ್ಡ ಮಳೆ ಬಂದಿತು. ರಾತ್ರಿ ಹತ್ತಕ್ಕೆ ಹೋದ ವಿದ್ಯುತ್ತು ಬೆಳಗ್ಗೆ ಎಂಟರವರೆಗೆ ಬರಲಿಲ್ಲ. ಎರಡು ಫ್ರಿಜ್ಜು, ನಾಲ್ಕು ಫ್ಯಾನು, ಯಂತ್ರ ಎಲ್ಲವೂ ನಡೆದುವು. ನಾನು ಎಚ್ಚರವಾಗಿಯೇ ಇದ್ದೆ. ಎರಡು ಗಂಟೆಯ ಸುಮಾರಿಗೆ ಕೆಳಗೆ ಇಳಿದು ನೋಡಿದರೆ ಅಣ್ಣನೂ ಮೆಟ್ಟಿಲ ಬಳಿ ಟಾರ್ಚು ಹಿಡಿದು ನಿಂತಿದ್ದನು. ಬೋಲ್ಟುಗಳ ಮೇಲೆ ಬೆನ್ನುಗೈ ಹಿಡಿದು ಬಿಸಿ ನೋಡುತ್ತಿದ್ದನು. ಸಡಿಲವಾದ ಬೋಲ್ಟು ಮೊದಲು ಬಿಸಿಯಾಗುತ್ತದೆಯಂತೆ. "ತಣ್ಣಗಿದೆ," ಎಂದನು. ಅಂಕಿ ಐವತ್ತೆಂಟು ತೋರಿಸುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕುಳಿತೆವು. ಒಳಗಿನಿಂದ ಯಂತ್ರದ ಗೊರಕೆ ಕೇಳಿಬರುತ್ತಿತ್ತು. ಅದರ ಜೊತೆಗೆ ಅಮ್ಮನದೂ.

ಬಿಲ್ಲಿನ ಜಮೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಈಗ ಮಿಕ್ಕುವ ಬಿಸಿಲೆಲ್ಲ ಮೊದಲು ಬ್ಯಾಟರಿಗೆ ಹೋಗುವುದರಿಂದ ಜಮೆಯೂ ಕಡಿಮೆಯಾಗಿದೆ. ಎರಡು ಮೀಟರುಗಳನ್ನು ಒಂದು ಮಾಡಿಸುವ ಅರ್ಜಿಯನ್ನು ಅಣ್ಣನು ತಂದಿಟ್ಟಿದ್ದಾನೆ. ಯಾರ ಹೆಸರಿನಲ್ಲಿ ಎಂಬ ಸಾಲು ಖಾಲಿ ಇದೆ. ತಿಂಗಳ ಮೊದಲ ಭಾನುವಾರ ಬೋಲ್ಟು ಬಿಗಿ ನೋಡಲು ಅವನು ಟೇಪು ಸುತ್ತಿದ ಸ್ಪ್ಯಾನರು ಹಿಡಿದು, "ಉಂಗುರ ತೆಗೆದಿಟ್ಟು ಬಾ," ಎಂದು ಕೆಳಗಿನಿಂದ ಕೂಗುತ್ತಾನೆ. ಅತ್ತಿಗೆ ಮೂರು ಲೋಟ ಕಾಫಿ ತಂದಿಡುತ್ತಾರೆ.